ಸಹೋದರನ ಲೆಕ್ಕ ಕೇಳಿದರೆ ನಂಬಿಕೆ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ತಂದೆ ಈಚೆಗೆ ನಿವೃತ್ತರಾದರು, ಈಗ 60 ವರ್ಷ. ಬಂದ ಹಣದಲ್ಲಿ 6 ಲಕ್ಷ ರೂಪಾಯಿಯನ್ನು ನಮ್ಮ ಪ್ರಾರ್ಥನಾ ಕೂಟದ ಹಿರಿಯ ಸಹೋದರರೊಬ್ಬರ ವ್ಯವಹಾರಕ್ಕೆ ಹಾಕಬೇಕೆಂದಿದ್ದಾರೆ. ಮೂರು ರೂಪಾಯಿ ಬಡ್ಡಿ, ಬಾಂಡ್ ಪೇಪರ್ ಮೇಲೆ ಕರಾರು, ಜೊತೆಗೆ ಚೆಕ್ ಕೊಡುತ್ತಾರಂತೆ. ಕೂಟದ ಐದಾರು ಮನೆಗಳಿಗೆ ಎರಡು ವರ್ಷದಿಂದ ಬಡ್ಡಿ ತಪ್ಪದೆ ಬರುತ್ತಿದೆ. ಅವರು ಚೆನ್ನಾಗಿ ಪ್ರಾರ್ಥನೆ ಮಾಡುವವರು, ಕಷ್ಟಕ್ಕೆ ಆಗುವವರು. ದಾಖಲೆ ಕೇಳೋಣ ಎಂದರೆ ಅಪ್ಪ "ಪ್ರೀತಿ ಎಲ್ಲವನ್ನೂ ನಂಬುತ್ತದೆ ಅಂತ ಬರೆದಿದೆ, ದೇವರ ಮಕ್ಕಳ ಮೇಲೆ ಸಂಶಯ ಪಡಬಾರದು" ಎನ್ನುತ್ತಾರೆ. ಯಾರನ್ನು, ಎಷ್ಟು ನಂಬಬೇಕು? ಸಂಶಯ ಪಟ್ಟರೆ ಪಾಪವೇ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಮೊದಲು ಹಣದ ಮಾತು. ಈ 6 ಲಕ್ಷ ಕೊಡಬೇಡಿ. ಆ ಸಹೋದರರು ಮೋಸಗಾರರೆಂದು ದೂರದಲ್ಲಿ ಕೂತು ಹೇಳುವುದು ಅನ್ಯಾಯ, ಹೇಳುವ ಅಗತ್ಯವೂ ಇಲ್ಲ. ನೀವು ಬರೆದಿರುವ ಷರತ್ತುಗಳಲ್ಲಿ ಹಣ ತೆಗೆದುಕೊಳ್ಳುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಹಣಕ್ಕೆ ಭದ್ರತೆಯಿಲ್ಲ. ಲೆಕ್ಕ ಮುಂದೆ ಇದೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಲೆಕ್ಕಕ್ಕಿಂತ ಹೆಚ್ಚಾಗಿ ಆ ವಚನ. ಅಪ್ಪನ ಕಡೆ ಸತ್ಯವೇದವಿದೆ, ನನ್ನ ಕಡೆ ಬರೀ ಅನುಮಾನವಿದೆ ಎಂಬ ಅಳುಕು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಆ ಮಾತು ಇರುವುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೇ ಅಧ್ಯಾಯದ 7ನೇ ವಚನದಲ್ಲಿ. ಅದರ ಹಿಂದಿನ ವಚನವನ್ನೂ ಅಪ್ಪನ ಜೊತೆ ಕೂತು ಓದಿ: ಪ್ರೀತಿ ಅನ್ಯಾಯಕ್ಕೆ ಸಂತೋಷಪಡುವುದಿಲ್ಲ, ಸತ್ಯಕ್ಕೆ ಸಂತೋಷಪಡುತ್ತದೆ ಎಂದಿದೆ. ಯಾರ ವರ ದೊಡ್ಡದು ಎಂದು ಕಿತ್ತಾಡುತ್ತಿದ್ದ ಸಭೆಯವರು ಒಬ್ಬರನ್ನೊಬ್ಬರು ಹೇಗೆ ಸಹಿಸಿಕೊಳ್ಳಬೇಕು ಎಂದು ಪೌಲ ಅಲ್ಲಿ ಹೇಳುತ್ತಿದ್ದಾನೆ. ಹಣದ ವಿಷಯ ಅವನು ಎತ್ತುವುದು ಅದೇ ಪತ್ರಿಕೆಯಲ್ಲಿ, ಮೂರು ಅಧ್ಯಾಯ ಮುಂದೆ. ಯೆರೂಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸುವಾಗ ಅವನು "ನನ್ನ ಕೈಗೆ ಕೊಡಿ, ತಲುಪಿಸುತ್ತೇನೆ" ಎನ್ನಲಿಲ್ಲ. ನೀವೇ ಯೋಗ್ಯರೆಂದು ಆರಿಸಿದವರ ಕೈಯಲ್ಲಿ ಪತ್ರ ಕೊಟ್ಟು ಕಳಿಸುತ್ತೇನೆ ಎಂದ. ಎರಡನೆಯ ಪತ್ರಿಕೆಯ 8ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಪೌಲನ ಜೊತೆಗೆಲಸಗಾರ ತೀತನ ಜೊತೆ ಇನ್ನಿಬ್ಬರು ಹೊರಡುತ್ತಾರೆ: ಒಬ್ಬನು ಸಭೆಗಳೇ ನೇಮಿಸಿದವನು, ಇನ್ನೊಬ್ಬನು ಅನೇಕ ಸಲ ಪರೀಕ್ಷಿಸಿ ನೋಡಿದವನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ 20, 21ನೇ ವಚನಗಳಲ್ಲಿ ಬರೆದಿದ್ದಾನೆ.

"ಎಲ್ಲವನ್ನೂ ನಂಬುತ್ತದೆ" ಎಂದು ಬರೆದ ಕೈಯೇ ಹಣ ಬಂದಾಗ ಮೂರು ಜನರನ್ನು, ಅದರಲ್ಲೂ ಕೊಡುವವರೇ ಆರಿಸಿದವರನ್ನು, ಕಾವಲಿಗೆ ಇಟ್ಟಿತು. ಅಪೊಸ್ತಲನೇ ತನ್ನ ಲೆಕ್ಕವನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಿಕೊಂಡಿರುವಾಗ ನಿಮ್ಮ ಕೂಟದ ಸಹೋದರರನ್ನು ದಾಖಲೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬೆರೋಯದವರು ಪೌಲನ ಬೋಧನೆಯನ್ನೇ ದಿನಾಲೂ ಶಾಸ್ತ್ರದ ಜೊತೆ ತಾಳೆ ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅದಕ್ಕಾಗಿ ಅವರನ್ನು ಹೊಗಳುತ್ತದೆ, ಬೈಯುವುದಿಲ್ಲ.

"ಅಷ್ಟು ಪ್ರಾರ್ಥನೆ ಮಾಡುವವರು ಹಾಗೆ ಮಾಡುತ್ತಾರೆಯೇ?" ಎಂಬುದು ಮುಂದಿನ ಮಾತು. ಇಸ್ಕರಿಯೋತ ಯೂದನೂ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಸುವಾರ್ತೆ ಸಾರಲು ಹೋದವನೇ. ಹಣದ ಚೀಲ ಅವನ ಬಳಿ ಇತ್ತು, ಅದರಲ್ಲಿ ಹಾಕಿದ್ದನ್ನು ಕದಿಯುತ್ತಿದ್ದ ಎಂದು ಯೋಹಾನ 12:6 ಹೇಳುತ್ತದೆ. ಕೊನೆಯ ರಾತ್ರಿ ಅವನು ಊಟದಿಂದ ಎದ್ದು ಹೋದಾಗ ಉಳಿದವರು ಏನೆಂದುಕೊಂಡರು ನೋಡಿ (13:29): ಹಬ್ಬಕ್ಕೆ ಬೇಕಾದ್ದನ್ನು ಕೊಳ್ಳಲು ಹೋದನೋ, ಬಡವರಿಗೆ ಕೊಡಲು ಹೋದನೋ! ವರ್ಷಗಟ್ಟಲೆ ಜೊತೆಗೆ ಉಂಡು ಮಲಗಿದವರಿಗೂ ಗೊತ್ತಾಗಲಿಲ್ಲ. ಭಕ್ತಿಯನ್ನು ಹೊರಗಿನಿಂದ ನೋಡಿ ಹಣದ ಪ್ರಾಮಾಣಿಕತೆಯನ್ನು ಅಳೆಯಲು ಆಗುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕರ್ತನು ತಾನೂ, ಯೋಹಾನ 2:24ರಂತೆ, ತನ್ನ ಸೂಚಕಕಾರ್ಯ ಕಂಡು ಹಿಂದೆ ಬಂದ ಜನರ ವಶಕ್ಕೆ ತನ್ನನ್ನು ಒಪ್ಪಿಸಿಕೊಡಲಿಲ್ಲ. ಅವರ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರಾದರೂ ಹೇಳಲಾದೀತೇ?

ಆದ್ದರಿಂದ "ಅವರು ಒಳ್ಳೆಯವರೇ?" ಎಂಬ ಪ್ರಶ್ನೆಯನ್ನು ಬದಿಗಿಡಿ. ಅದಕ್ಕೆ ನೀವೂ ಅಪ್ಪನೂ ಬೇರೆ ಬೇರೆ ಉತ್ತರ ಕೊಡುತ್ತೀರಿ, ಜಗಳ ಮುಗಿಯುವುದಿಲ್ಲ. ಕೇಳಬೇಕಾದದ್ದು ಎರಡು: ನಾವು ಅವರ ಕೈಗೆ ಒಪ್ಪಿಸುತ್ತಿರುವುದು ಏನು? ಆ ವಿಷಯದಲ್ಲಿ ಅವರನ್ನು ಬಿಟ್ಟು ಬೇರೆ ಯಾರು ಹೇಳಬಲ್ಲರು? ಕಾಯಿಲೆಯಾದಾಗ ಆಸ್ಪತ್ರೆಗೆ ಬಂದು ಕೂರುವ ವಿಷಯದಲ್ಲಿ ಅವರನ್ನು ಪೂರ್ತಿ ನಂಬಬಹುದು, ಅದನ್ನು ಐದಾರು ಮನೆಯವರು ಕಣ್ಣಾರೆ ಕಂಡಿದ್ದಾರೆ. ಹಣ ದುಡಿಸಿ ಹಿಂತಿರುಗಿಸುವ ವಿಷಯದಲ್ಲಿ ಅವರನ್ನು ಬಿಟ್ಟು ಯಾರೂ ಏನೂ ಕಂಡಿಲ್ಲ.

ಎರಡನೆಯ ಪ್ರಶ್ನೆ ಎಷ್ಟು ಮುಖ್ಯವೆಂದು ಯೆಹೋಶುವನ ಪುಸ್ತಕದ 9ನೇ ಅಧ್ಯಾಯ ತೋರಿಸುತ್ತದೆ. ಗಿಬ್ಯೋನಿನವರು ಹತ್ತಿರದ ಊರಿನವರೇ. ಬಹು ದೂರದಿಂದ ಬಂದೆವೆಂದು ನಂಬಿಸಲು ಬೂಸಲು ಹಿಡಿದ ರೊಟ್ಟಿ, ಹರಿದು ಹೊಲಿದ ದ್ರಾಕ್ಷಾರಸದ ಬುದ್ದಲಿ, ತೇಪೆ ಹಾಕಿದ ಕೆರ ತಂದಿದ್ದರು. ಇಸ್ರಾಯೇಲಿನ ಮುಖಂಡರು ಪರೀಕ್ಷೆ ಮಾಡಲಿಲ್ಲವೆಂದಲ್ಲ, ರೊಟ್ಟಿಯನ್ನು ನೋಡಿದರು. ಆದರೆ ಗಿಬ್ಯೋನಿನವರು ತಂದು ತೋರಿಸಿದ್ದನ್ನು ಮಾತ್ರ ನೋಡಿದರು, ಕರ್ತನನ್ನು ಕೇಳಲಿಲ್ಲ, ಸುತ್ತ ಮುತ್ತ ವಿಚಾರಿಸಲಿಲ್ಲ. ಮೂರನೆಯ ದಿನ ನಿಜ ತಿಳಿಯಿತು. ಅಷ್ಟರಲ್ಲಿ ಅವರನ್ನು ಜೀವದಿಂದ ಉಳಿಸುತ್ತೇವೆಂಬ ಆಣೆ ಆಗಿಹೋಗಿತ್ತು.

ಇಂದಿನ ಬೂಸಲು ರೊಟ್ಟಿ ಯಾವುದು? ಜಿಎಸ್‌ಟಿ ಸರ್ಟಿಫಿಕೇಟ್, ಉದ್ಯಮ್ ನೋಂದಣಿ, ಕಂಪನಿಯ ಇನ್‌ಕಾರ್ಪೊರೇಶನ್ ಪತ್ರ, ಟ್ರಸ್ಟ್ ಡೀಡ್, ಲೆಕ್ಕ ಪರಿಶೋಧಕರ ಮುದ್ರೆಯ ಒಂದು ಹಾಳೆ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಇವೆಲ್ಲ ಅಸಲಿಯೇ ಇರಬಹುದು, ಆದರೆ ಇವುಗಳಲ್ಲಿ ಒಂದೂ ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳಲು ಪರವಾನಗಿ ಅಲ್ಲ. ಬಾಂಡ್ ಪೇಪರ್ ಎಂದು ಜನ ಕರೆಯುವ ಛಾಪಾ ಕಾಗದ ಸರ್ಕಾರಕ್ಕೆ ಸುಂಕ ಕಟ್ಟಿದ್ದಕ್ಕೆ ಗುರುತು, ಅಷ್ಟೇ. ನೋಟರಿಯವರು ಸಹಿ ಇವರದೇ ಎನ್ನುತ್ತಾರೆ, ಹಣ ವಾಪಸ್ ಬರುತ್ತದೆ ಎನ್ನುವುದಿಲ್ಲ. ಚೆಕ್ ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕೇಸು ಹಾಕಬಹುದು, ನಿಜ. ಆದರೆ ಚೆಕ್ಕಿನ ತಾರೀಕಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು, ವಾಪಸಾದ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅದು ತಲುಪಿ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ದೂರು. ಒಂದು ಗಡುವು ತಪ್ಪಿದರೂ ಕೇಸು ಕುಂಟುತ್ತದೆ. ಹೆಚ್ಚಿನವರು ಎಡವುವುದು ಎಲ್ಲಿ ಗೊತ್ತೇ? "ಬ್ರದರ್, ಈ ತಿಂಗಳು ಹಾಕಬೇಡಿ, ಮುಂದಿನ ತಿಂಗಳು ಹಾಕಿ" ಎಂಬ ಮಾತಿಗೆ ಒಪ್ಪಿ ಮೂರು ತಿಂಗಳು ಕಳೆಯುವುದರಲ್ಲಿ.

ಈಗ ಲೆಕ್ಕ. ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ನಿಮ್ಮ 6 ಲಕ್ಷಕ್ಕೆ ತಿಂಗಳಿಗೆ 18,000 ರೂಪಾಯಿ. ಠೇವಣಿ ಸ್ವೀಕರಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಹಣಕಾಸು ಕಂಪನಿ ಸಹ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ಆಸ್ತಿ ಮತ್ತು ಸರಿಯಾದ ಲೆಕ್ಕಪತ್ರ ಇರುವ ವ್ಯಾಪಾರಿಗೆ ಬ್ಯಾಂಕು ಶೇ 36ರ ಅರ್ಧಕ್ಕಿಂತ ಕಡಿಮೆಗೇ ಸಾಲ ಕೊಡುತ್ತದೆ. ಹಾಗಿರುವಾಗ ಒಳ್ಳೆಯ ವ್ಯವಹಾರವಿರುವವರು 36 ಕೊಟ್ಟು ನಿಮ್ಮ ತಂದೆಯ ಹತ್ತಿರ ಏಕೆ ಬರುತ್ತಾರೆ? ಈ ಒಂದು ಪ್ರಶ್ನೆಯನ್ನು ಅಪ್ಪನ ಮುಂದಿಡಿ. "ದೇವರ ಮಕ್ಕಳಿಗೆ ಆಶೀರ್ವಾದವಾಗಲಿ ಅಂತ" ಎನ್ನುವುದು ವ್ಯವಹಾರದ ಉತ್ತರವಾಗುವುದಿಲ್ಲ.

"ಎರಡು ವರ್ಷದಿಂದ ತಪ್ಪದೆ ಬರುತ್ತಿದೆ" ಎಂಬುದೇ ನಿಮ್ಮ ತಂದೆಗೆ ದೊಡ್ಡ ಸಾಕ್ಷಿಯಾಗಿರಬೇಕು. 100 ರೂಪಾಯಿ ತಗೊಂಡು ತಿಂಗಳಿಗೆ 3ರಂತೆ ಅದೇ ಹಣವನ್ನು ಹಿಂದಿರುಗಿಸುತ್ತಾ ಬಂದರೆ 33 ತಿಂಗಳು ಕೊಡಬಹುದು. ಯಾವ ವ್ಯಾಪಾರವೂ ಬೇಡ, ಒಂದು ರೂಪಾಯಿ ದುಡಿಯುವುದೂ ಬೇಡ. ಹೊಸಬರು ಸೇರುತ್ತಿದ್ದರೆ ಇನ್ನೂ ಉದ್ದ ಎಳೆಯಬಹುದು. ಆರು ಮನೆಯವರು ತಲಾ 5 ಲಕ್ಷ ಹಾಕಿದ್ದಾರೆ ಎಂದಿಟ್ಟುಕೊಳ್ಳಿ: ತಿಂಗಳ ಬಡ್ಡಿ 90,000. ನಿಮ್ಮ ತಂದೆಯ 6 ಲಕ್ಷ ಬಂದರೆ ಆರೂವರೆ ತಿಂಗಳ ಬಡ್ಡಿ ಹೊರಟಿತು. 24 ತಿಂಗಳ ಶಿಸ್ತು ವ್ಯವಹಾರ ಸರಿಯಿದೆ ಎಂಬುದನ್ನೂ ತೋರಿಸುವುದಿಲ್ಲ, ತಪ್ಪಿದೆ ಎಂಬುದನ್ನೂ ತೋರಿಸುವುದಿಲ್ಲ. ಅಸಲು ವಾಪಸ್ ಕೇಳಿದವರಿಗೆ ಪೂರ್ತಿ ಸಿಕ್ಕಿದೆಯೇ, ಎಷ್ಟು ದಿನದಲ್ಲಿ, ಯಾವ ಖಾತೆಯಿಂದ? ಇದನ್ನು ಆ ಐದಾರು ಮನೆಗಳಲ್ಲಿ ಒಬ್ಬೊಬ್ಬರನ್ನೇ ಕೇಳಿ. ಎಲ್ಲರೂ "ನಾವು ಅಸಲು ಕೇಳಿಯೇ ಇಲ್ಲ" ಎಂದರೆ ಪರೀಕ್ಷೆ ಇನ್ನೂ ನಡೆದಿಲ್ಲ ಎಂದರ್ಥ.

ಇದು ಬರೀ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಬೆನೆಟ್ ಎಂಬವರು ನಡೆಸುತ್ತಿದ್ದ 'ಫೌಂಡೇಶನ್ ಫಾರ್ ನ್ಯೂ ಇರಾ ಫಿಲಾಂಥ್ರಪಿ' ಎಂಬ ಸಂಸ್ಥೆ, ಹೆಸರು ಹೇಳಲಿಚ್ಛಿಸದ ಶ್ರೀಮಂತ ದಾನಿಗಳಿದ್ದಾರೆ, ನೀವು ಹಣ ಇಟ್ಟರೆ ಕೆಲವು ತಿಂಗಳಲ್ಲಿ ಅವರು ಅದನ್ನು ದುಪ್ಪಟ್ಟು ಮಾಡುತ್ತಾರೆ ಎಂದು ಕ್ರೈಸ್ತ ಕಾಲೇಜು, ಮಿಷನ್, ಸಭೆಗಳಿಂದ ಹಣ ಸಂಗ್ರಹಿಸಿತು. ದುಪ್ಪಟ್ಟಾಗಿ ಬಂದೂ ಬಂತು, ಸಾಕ್ಷಿಗಳೂ ಹರಡಿದವು. ಮಿಷಿಗನ್‌ನ ಸ್ಪ್ರಿಂಗ್ ಆರ್ಬರ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಆಲ್ಬರ್ಟ್ ಮೇಯರ್ ಎಂಬ ಅಧ್ಯಾಪಕರಿಗೆ 1993ರ ಸುಮಾರಿಗೆ ಅನುಮಾನ ಬಂತು. ಅವರು ಮಾಡಿದ್ದು ಬಹಳ ಸಾದಾ ಕೆಲಸ: ಆ ಸಂಸ್ಥೆ ಸರ್ಕಾರಕ್ಕೆ ಸಲ್ಲಿಸಿದ ತೆರಿಗೆ ಪತ್ರ ತರಿಸಿ ನೋಡಿದರು. ಅಷ್ಟೊಂದು ಹಣ ಠೇವಣಿಯಲ್ಲಿದೆ ಎನ್ನುವವರ ಬಡ್ಡಿ ಆದಾಯ ತೀರಾ ಕಡಿಮೆ ಇತ್ತು. ಕಾಲೇಜಿನವರಿಗೆ ಹೇಳಿದರು, ಕೇಳಲಿಲ್ಲ. ಕಾಲೇಜು ಇನ್ನಷ್ಟು ಹಣ ಹಾಕಿತು. ಮೇಯರ್ ಸುಮ್ಮನಾಗದೆ ಅಧಿಕಾರಿಗಳಿಗೆ ಬರೆದರು. 1995ರ ಮೇ ತಿಂಗಳಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅನಾಮಿಕ ದಾನಿಗಳು ಒಬ್ಬರೂ ಇರಲಿಲ್ಲ. 1997ರಲ್ಲಿ ಬೆನೆಟ್‌ಗೆ 12 ವರ್ಷ ಜೈಲಾಯಿತು. ದಾಖಲೆ ಕೇಳಿದ ಮೇಯರ್ ಕೂಡ ವಿಶ್ವಾಸಿಯೇ, ಆ ಕಾಲೇಜಿನ ಸಂಬಳದವರೇ ಎಂಬುದನ್ನು ಮರೆಯಬೇಡಿ.

ಇನ್ನೊಂದು ಸಂಗತಿ ನಮ್ಮವರು ಗಮನಿಸಬೇಕಾದದ್ದು. ಮೊದಮೊದಲು ದುಪ್ಪಟ್ಟು ಪಡೆದಿದ್ದ ಹಲವು ಕ್ರೈಸ್ತ ಸಂಸ್ಥೆಗಳು, ಇದು ಬೇರೆಯವರ ಹಣ ಎಂದು ತಿಳಿದ ಮೇಲೆ, ಅದನ್ನು ಹಿಂದಿರುಗಿಸಿದವು. ಆದ್ದರಿಂದ ಕಳೆದುಕೊಂಡವರಿಗೆ ದೊಡ್ಡ ಪಾಲು ಸಿಕ್ಕಿತು. ಅಂಥ ಯೋಜನೆಯ ಬಡ್ಡಿ ತಿಂದವರ ಕೈಯೂ ಪೂರ್ತಿ ಶುದ್ಧವಲ್ಲ.

ಕ್ರೈಸ್ತರಷ್ಟೇ ಇದಕ್ಕೆ ಬೀಳುತ್ತಾರೆಂದಲ್ಲ. ಬೆಂಗಳೂರಿನ ಐಎಂಎ (ಐ ಮಾನಿಟರಿ ಅಡ್ವೈಸರಿ) ಎಂಬ ಹೂಡಿಕೆ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಬೀದಿಗೆ ಬಂದವರು ಬಹುಪಾಲು ಮುಸ್ಲಿಂ ಕುಟುಂಬದವರು. ಬಡ್ಡಿ ತಿನ್ನಬಾರದೆಂಬ ಅವರ ಶ್ರದ್ಧೆಯನ್ನೇ ಹಿಡಿದು ಲಾಭಾಂಶದ ಹೆಸರಿನಲ್ಲಿ ಹಣ ಎತ್ತಲಾಗಿತ್ತು. ಯಾವ ಸಮುದಾಯದಲ್ಲಿ "ನಮ್ಮವರು" ಎಂಬ ಮಾತಿಗೆ ಬೆಲೆ ಹೆಚ್ಚೋ ಅಲ್ಲಿ ಇದು ಬೇಗ ಹರಡುತ್ತದೆ.

ಇನ್ನು ಪರೀಕ್ಷಿಸುವ ಬಗೆ. ಎರಡು ವಾರ ಸಮಯ ತೆಗೆದುಕೊಳ್ಳಿ. ಸಹೋದರರ ಮನೆಗೆ ಅಪ್ಪನ ಜೊತೆ ನೀವೂ ಹೋಗಿ, ಗೌರವದಿಂದ ಕೇಳಿ: "ಅಣ್ಣಾ, ಇದು ಅಪ್ಪನ ಮುಪ್ಪಿನ ಹಣ. ಮನೆಯಲ್ಲಿ ಎಲ್ಲರಿಗೂ ಉತ್ತರ ಹೇಳಬೇಕಾಗುತ್ತದೆ, ಆದ್ದರಿಂದ ಕೆಲವು ಕಾಗದ ನೋಡಬೇಕು." ಠೇವಣಿ ತೆಗೆದುಕೊಳ್ಳಲು ಅನುಮತಿ ಯಾರು ಕೊಟ್ಟಿದ್ದಾರೆ? ಹಣ ಯಾರ ಹೆಸರಿನ ಖಾತೆಗೆ ಹೋಗುತ್ತದೆ? ಕಳೆದ ಎರಡು ವರ್ಷದ ಆಡಿಟ್ ಆದ ಲೆಕ್ಕ ಮತ್ತು ಆದಾಯ ತೆರಿಗೆ ರಿಟರ್ನ್ ತೋರಿಸುತ್ತೀರಾ? ಅಸಲು ನಾಳೆ ಬೇಕಾದರೆ ಯಾವ ಮೂಲದಿಂದ ಕೊಡುತ್ತೀರಿ? ಇದು ಪಾಸ್ಟರಿಗೆ, ನಿಮ್ಮ ಮನೆಯವರಿಗೆ ಗೊತ್ತೇ? ಕೊನೆಯದಾಗಿ, ಸಭೆಯ ಹೊರಗೆ ನಿಮ್ಮ ಜೊತೆ ವ್ಯವಹಾರ ಮಾಡಿದ ಇಬ್ಬರ ಪರಿಚಯ ಮಾಡಿಕೊಡುತ್ತೀರಾ, ಸರಕು ಕೊಟ್ಟವರೋ ಅಂಗಡಿ ಬಾಡಿಗೆಗೆ ಕೊಟ್ಟವರೋ? ಈ ಕಡೆಯ ಪ್ರಶ್ನೆಗೂ ವಚನದ ಆಧಾರವಿದೆ. ಸಭೆಯ ಮೇಲ್ವಿಚಾರಕನಿಗೆ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಇರಬೇಕೆಂದು 1 ತಿಮೊಥೆಯ 3:7 ಹೇಳುತ್ತದೆ. ಸಭಾಸೇವಕರನ್ನು ಮೊದಲು ಪರೀಕ್ಷಿಸಿ ಆಮೇಲೆ ಕೆಲಸಕ್ಕೆ ಹಚ್ಚಬೇಕೆಂದು ಅದೇ ಅಧ್ಯಾಯದ 10ನೇ ವಚನ.

ಅವರು ಕೊಟ್ಟ ಹೆಸರನ್ನು ಅವರಿಂದಲ್ಲದೆ ಬೇರೆ ಕಡೆ ನೋಡಿ. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ಯಾವ ಸಂಸ್ಥೆ ಠೇವಣಿ ತೆಗೆದುಕೊಳ್ಳಬಹುದು ಎಂದು ಹುಡುಕಬಹುದು, ದೂರನ್ನೂ ಕೊಡಬಹುದು. ಹಣಕಾಸು ಕಂಪನಿ ಎಂದು ನೋಂದಣಿ ಆಗಿದ್ದರೆ ಸಾಲದು. ಹೆಚ್ಚಿನ ಹಣಕಾಸು ಕಂಪನಿಗಳಿಗೆ ಸಾಲ ಕೊಡಲು ಅನುಮತಿ ಇರುತ್ತದೆ, ಠೇವಣಿ ತೆಗೆದುಕೊಳ್ಳಲು ಇರುವುದಿಲ್ಲ. ಚೀಟಿ ವ್ಯವಹಾರವಾದರೆ ಸಹಕಾರ ಇಲಾಖೆಯ ಚೀಟಿ ನಿಬಂಧಕರ ಬಳಿ ನೋಂದಣಿ ಇರಬೇಕು, ಪ್ರತಿ ಗುಂಪಿಗೂ ಪೂರ್ವಾನುಮತಿ ಬೇಕು. ಸೌಹಾರ್ದ ಅಥವಾ ಪತ್ತಿನ ಸಹಕಾರಿ ಸಂಘವಾದರೆ ನೆನಪಿಡಿ, ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಅಲ್ಲಿಗೆ ಇಲ್ಲ. ಇವು ಯಾವುದೂ ಇಲ್ಲದೆ ಹತ್ತಾರು ಮನೆಯಿಂದ ಬಡ್ಡಿ ಹೇಳಿ ಹಣ ಎತ್ತುವುದನ್ನು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2019 ನಿಷೇಧಿಸಿದೆ. ಅಂಥ ಠೇವಣಿ ಸ್ವೀಕರಿಸಿದ್ದಕ್ಕೇ 2ರಿಂದ 7 ವರ್ಷ ಜೈಲು, ಮೋಸದಿಂದ ಹಿಂದಿರುಗಿಸದಿದ್ದರೆ 3ರಿಂದ 10 ವರ್ಷ. ಬಂಧುಗಳ ನಡುವಿನ ಕೈಸಾಲ ಬೇರೆ ಮಾತು.

ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ಹೇಳುತ್ತದೆ. "ಕೇಳಿದ್ದು ಒಳ್ಳೆಯದಾಯಿತು, ಶನಿವಾರ ಬನ್ನಿ, ಫೈಲು ತೆಗೆದಿಡುತ್ತೇನೆ" ಎನ್ನುವವರು ಒಂದು ಬಗೆ. ಮುಖ ಕೆಂಪಗೆ ಮಾಡಿ "ನನ್ನ ಮೇಲೆ ಇಷ್ಟೇನಾ ನಂಬಿಕೆ" ಎನ್ನುವವರು, ಈ ವಾರವೇ ಕೊಟ್ಟರೆ ಮಾತ್ರ ಎನ್ನುವವರು, ನಿಮಗೆ ಮಾತ್ರ ಮೂರೂವರೆ ಕೊಡುತ್ತೇನೆ ಆದರೆ ಪಾಸ್ಟರಿಗೆ ಹೇಳಬೇಡಿ ಎನ್ನುವವರು, ಕೇಳಿದ ಕಾಗದದ ಬದಲು ವಚನ ಎತ್ತಿಹೇಳುವವರು ಇನ್ನೊಂದು ಬಗೆ. ಇವುಗಳಲ್ಲಿ ಗುಟ್ಟಾಗಿಡಿ ಎಂಬ ಮಾತಿಗೆ ಅತಿ ಹೆಚ್ಚು ಹೆದರಬೇಕು.

ವಚನ ಎತ್ತಿಹೇಳುವ ಬಗ್ಗೆ ಎರಡು ಮಾತು. "ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು" ಎಂಬ 105ನೇ ಕೀರ್ತನೆಯ 15ನೇ ವಚನವನ್ನು ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಬಳಸುವುದು ಈಗ ಸಾಮಾನ್ಯ. ಆ ಕೀರ್ತನೆಯಲ್ಲಿ ಅದು ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿ ಎಂದು ಅರಸರಿಗೆ ಹೇಳಿದ ಮಾತು. ಅಭಿಷಿಕ್ತನಾದ ದಾವೀದನ ಮುಖದೆದುರೇ ನಾತಾನನು "ಆ ಮನುಷ್ಯನು ನೀನೇ" ಎಂದ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಗದರಿಸಿದ. ಎರಡನೆಯದು, "ಕರ್ತನು ನನಗೆ ತೋರಿಸಿದನು, ನೀವು ಇಷ್ಟು ಕೊಡಬೇಕು" ಎಂಬ ಪ್ರವಾದನೆ. ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಎಂದು 1 ಕೊರಿಂಥ 14:29. ಇನ್ನೂ ಕಟುವಾದದ್ದು ಬೇಕಾದರೆ ಅರಸುಗಳು ಮೊದಲನೆಯ ಪುಸ್ತಕದ 13ನೇ ಅಧ್ಯಾಯ ಓದಿ: ಅಲ್ಲಿ ಒಬ್ಬ ಮುದಿ ಪ್ರವಾದಿ "ದೇವದೂತನು ನನಗೆ ಹೇಳಿದನು" ಎಂದು ಸುಳ್ಳು ಹೇಳುತ್ತಾನೆ, ತನಗೆ ದೇವರು ನೇರವಾಗಿ ಹೇಳಿದ್ದನ್ನು ಬಿಟ್ಟು ಅದನ್ನು ನಂಬಿದ ದೇವರ ಮನುಷ್ಯನನ್ನು ದಾರಿಯಲ್ಲಿ ಸಿಂಹ ಕೊಲ್ಲುತ್ತದೆ.

ಇದೇ ಅಳತೆಯನ್ನು ಪಾಸ್ಟರ್, ಸಭೆಗಳಿಗೂ ಹಿಡಿಯಿರಿ. ಕಥೋಲಿಕ ಧರ್ಮಸಭೆಯಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಮಂಡಳಿ ಇರಲೇಬೇಕೆಂದು 1983ರ ಕಾನೂನು ಸಂಹಿತೆಯ 537ನೇ ಕಲಮು ಹೇಳುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಸಭಾ ಸಮಿತಿ, ಖಜಾಂಚಿ, ವಾರ್ಷಿಕ ಸಭೆ ಇವೆ. ಲೆಕ್ಕ ಓದುವ ದಿನ ಎದ್ದು ಪ್ರಶ್ನೆ ಕೇಳುವುದು ಸದಸ್ಯರ ಹಕ್ಕು, ಆದರೆ ಅಷ್ಟು ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. ಸ್ವತಂತ್ರ ಸಭೆಯಾದರೆ ಟ್ರಸ್ಟಿಗಳು ಯಾರೆಂದು ಕೇಳಿ. ಗಂಡ, ಹೆಂಡತಿ, ಭಾವಮೈದುನ ಮೂವರೇ ಇದ್ದರೆ ಲೆಕ್ಕ ನೋಡುವವರು ಯಾರೂ ಇಲ್ಲ ಎಂದೇ ತಿಳಿಯಿರಿ. ಕಾಣಿಕೆ, ದಶಮಾಂಶ ಟ್ರಸ್ಟಿನ ಖಾತೆಗೆ ಹೋಗಲಿ, ಯಾರದೋ ಸ್ವಂತ ಯುಪಿಐ ನಂಬರಿಗೆ ಬೇಡ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ಇಲ್ಲವೆಂದ ಮಾತ್ರಕ್ಕೆ ಅನುಮಾನಿಸಬೇಡಿ. ಆ ರಿಯಾಯಿತಿ ಮುಖ್ಯವಾಗಿ ಧರ್ಮಾರ್ಥ ಕೆಲಸಕ್ಕೆ, ಬರೀ ಆರಾಧನೆ ನಡೆಸುವ ಸಭೆಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಜಾಮೀನು ಸಹಿಯೂ ನಂಬಿಕೆಯ ಪ್ರಶ್ನೆಯೇ. "ನಿಮ್ಮ ಒಂದು ಸಹಿ ಸಾಕು ಬ್ರದರ್" ಎಂದು ಕೇಳಿದಾಗ ಸಂಕೋಚಕ್ಕೆ ಹಾಕುವವರು ಬಹಳ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಮೊದಲು ಅವರನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂದೇನಿಲ್ಲ. ಜ್ಞಾನೋಕ್ತಿಗಳು ಇದನ್ನು ನಾಲ್ಕಾರು ಕಡೆ ಎಚ್ಚರಿಸುತ್ತವೆ. 22:27ರ ಮಾತು ನೇರ: ತೀರಿಸಲು ನಿನ್ನ ಬಳಿ ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಸಹಾಯ ಮಾಡಲೇಬೇಕು ಅನ್ನಿಸಿದರೆ ಕಳೆದುಕೊಂಡರೂ ಮನೆ ನಡೆಯುವಷ್ಟು ಹಣವನ್ನು ದಾನವಾಗಿ ಕೊಟ್ಟುಬಿಡಿ.

"ಕ್ಷಮಿಸಿದ ಮೇಲೆ ಮತ್ತೆ ನಂಬಬೇಕಲ್ಲವೇ?" ಎಂಬುದು ಮುಂದೆ ಬರಬಹುದಾದ ಪ್ರಶ್ನೆ. ಯೋಸೇಫನನ್ನು ನೋಡಿ. ಅಣ್ಣಂದಿರು ಐಗುಪ್ತಕ್ಕೆ ಬಂದಾಗ ಅವನು ಮರೆಗೆ ಹೋಗಿ ಅತ್ತ, ಮನಸ್ಸು ಆಗಲೇ ಕರಗಿತ್ತು. ಆದರೂ ಸಿಮೆಯೋನನನ್ನು ಹಿಡಿದಿಟ್ಟ, ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸಿದ. ಹಿಂದೆ ತಮ್ಮನನ್ನು ಮಾರಿದವರು ಈಗ ಇನ್ನೊಬ್ಬ ತಮ್ಮನನ್ನು ಬಿಟ್ಟು ಓಡುತ್ತಾರೋ ಇಲ್ಲವೋ ಎಂದು ನೋಡಿದ. ಯೆಹೂದನು "ಅವನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ" ಎಂದ ಮೇಲೆಯೇ ತಾನು ಯಾರೆಂದು ಹೇಳಿದ (ಆದಿಕಾಂಡ 42ರಿಂದ 45). ಹಾಗೆಯೇ ಮಾರ್ಕನು ನಡುದಾರಿಯಲ್ಲಿ ಬಿಟ್ಟುಹೋದವನೆಂದು ಪೌಲ ಅವನನ್ನು ಮುಂದಿನ ಪ್ರಯಾಣಕ್ಕೆ ಸೇರಿಸಲೊಪ್ಪಲಿಲ್ಲ, ಬಾರ್ನಬನ ಜೊತೆ ವಾಗ್ವಾದವೇ ಆಯಿತು. ವರ್ಷಗಳ ನಂತರ "ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಉಪಯುಕ್ತನು" ಎಂದು ಅವನೇ ಬರೆದ (2 ತಿಮೊಥೆಯ 4:11). ಕ್ಷಮೆ ಒಂದು ದಿನದಲ್ಲಿ ಆಗಬಹುದು. ನಂಬಿಕೆ ಮತ್ತೆ ಬೆಳೆಯಲು ನಡತೆಯ ಕಾಲ ಬೇಕು, ಚಿಕ್ಕ ಜವಾಬ್ದಾರಿಯಿಂದ ಶುರುವಾಗಬೇಕು.

ಅಷ್ಟರಲ್ಲಿ ಅಪ್ಪ ಸ್ವಲ್ಪ ಹಣ ಕೊಟ್ಟೇಬಿಟ್ಟಿದ್ದರೆ: ಇನ್ನೊಂದು ರೂಪಾಯಿ ಸೇರಿಸಬೇಡಿ, ಬಡ್ಡಿಯನ್ನು ಅಸಲಿಗೆ ಕೂಡಿಸಲು ಬಿಡಬೇಡಿ, ಬೇರೆ ಯಾರಿಗೂ ಶಿಫಾರಸು ಮಾಡಬೇಡಿ. ನಾಳೆ ಪೊಲೀಸರು ಜನರನ್ನು ಕರೆತಂದವರು ಯಾರೆಂದು ಕೇಳುತ್ತಾರೆ. ಕರಾರು, ಚೆಕ್‌ನ ಎರಡೂ ಬದಿ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿ ತೆಗೆದಿಡಿ. ಅಸಲನ್ನು ತಾರೀಕು ಹಾಕಿ ಬರಹದಲ್ಲಿ ಕೇಳಿ. ಮತ್ತಾಯ 18:15ರ ಕ್ರಮ ಇಲ್ಲಿ ಸರಿಹೊಂದುತ್ತದೆ: ಮೊದಲು ಅವರೊಬ್ಬರೇ ಇದ್ದಾಗ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ, ಆಮೇಲೆ ಸಭೆಯ ಮುಂದೆ. ಆದರೆ ಇದಕ್ಕೆಲ್ಲ ಸೇರಿ ಒಂದು ತಿಂಗಳಿಗಿಂತ ಹೆಚ್ಚು ಕೊಡಬೇಡಿ, ಚೆಕ್ಕಿನ ಗಡುವು ಓಡುತ್ತಿರುತ್ತದೆ. "ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು" ಎಂದು 1 ಕೊರಿಂಥ 6 ತೋರಿಸುವವರಿಗೆ ಅಲ್ಲಿ ಪೌಲ ಹೇಳುತ್ತಿರುವುದು ಇಬ್ಬರ ನಡುವಿನ ಸಣ್ಣ ವ್ಯಾಜ್ಯ ಎಂದು ನೆನಪಿಸಿ. ಹತ್ತು ಮನೆಯ ಹಣ ಹೋಗುತ್ತಿದ್ದರೆ ಅದು ಅಪರಾಧ, ಅದಕ್ಕೆ ರೋಮಾಪುರ 13:4ರ ಅಧಿಕಾರಿಗಳಿದ್ದಾರೆ. ಸ್ಥಳೀಯ ಠಾಣೆ, ಸಚೇತ್ ಎರಡೂ ಕಡೆ ದೂರು ಕೊಡಿ. ಕರ್ನಾಟಕದಲ್ಲಿ ಠೇವಣಿದಾರರ ಹಿತಾಸಕ್ತಿ ಸಂರಕ್ಷಣೆಗೆಂದೇ 2004ರ ಕೆಪಿಐಡಿ ಕಾಯ್ದೆಯೂ ಇದೆ, ಅದರಡಿ ಆಸ್ತಿ ಮುಟ್ಟುಗೋಲು ಹಾಕಬಹುದು. ಬೇಗ ಹೋದಷ್ಟು ಮುಟ್ಟುಗೋಲಿಗೆ ಆಸ್ತಿ ಉಳಿದಿರುತ್ತದೆ.

ಅಪ್ಪನ ಜೊತೆ ಮಾತಾಡುವಾಗ ಆ ಸಹೋದರರ ಗುಣವನ್ನು ಚರ್ಚೆಗೆ ತರಬೇಡಿ, ಸೋಲುತ್ತೀರಿ. "ಅಪ್ಪಾ, ಪೌಲನು ಮೂವರನ್ನು ಕಳಿಸಿದ, ನಾವು ಒಬ್ಬರ ಕೈಗೇ ಕೊಡುವುದು ಬೇಡ" ಎನ್ನಿ. ಅವರಿಗೆ ಬೇಕಾಗಿರುವುದು ಕೈಗೆ ನಿಯಮಿತವಾಗಿ ಬರುವ ಹಣ, ಅದಕ್ಕೆ ದಾರಿಯನ್ನೂ ತೋರಿಸಿ. 60 ತುಂಬಿದವರಿಗೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ವರ್ಷಕ್ಕೆ ಶೇ 8.2ಕ್ಕೆ ಏರಿತು, ಆ ದರದಲ್ಲಿ 6 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 12,300 ರೂಪಾಯಿ ಖಾತೆಗೆ ಬೀಳುತ್ತದೆ. ಸರ್ಕಾರ ದರವನ್ನು ಪ್ರತಿ ತ್ರೈಮಾಸಿಕ ಪರಿಶೀಲಿಸುತ್ತದೆ, ತೆರೆಯುವ ದಿನ ಯಾವ ದರವಿದೆಯೋ ಅದು ಐದು ವರ್ಷಕ್ಕೆ ನಿಲ್ಲುತ್ತದೆ. ಆದ್ದರಿಂದ ಹೋಗುವ ಮುಂಚೆ ಅಂದಿನ ದರ ಕೇಳಿಕೊಳ್ಳಿ. ಆಧಾರ್, ಪ್ಯಾನ್, ಎರಡು ಫೋಟೋ ಇರಲಿ. ನಾಮಿನಿ ಕಾಲಂನಲ್ಲಿ ಅಮ್ಮನ ಹೆಸರು ಅಂದೇ ಬರೆಸಿಬಿಡಿ.